ಹತ್ತಿ ಹೂವಿನ ಕ್ರಾಸಿಂಗ್ ಮತ್ತು ಹೆಣ್ಣುಮಕ್ಕಳ ದುಡಿಮೆ

ಬಾಲಕಾರ್ಮಿಕತೆಗೆ ಕಾರಣವೇನು ಎಂದು ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಮೊದಲು ಬರೆಯುವುದು 'ಬಡತನ'. ತಪ್ಪಲ್ಲ, ಆದರೆ ಅರ್ಧ ಉತ್ತರ. ಅದೇ ಬಡ ಮನೆಯಲ್ಲಿ ಅಣ್ಣ ಶಾಲೆಗೆ, ತಂಗಿ ಹೊಲಕ್ಕೆ ಹೋಗುತ್ತಾಳಲ್ಲ, ಅದೇಕೆ? ನಮ್ಮ ಕರ್ನೂಲು ಜಿಲ್ಲೆಯ ಬೀಜದ ಹತ್ತಿಯನ್ನೇ ನೋಡೋಣ.

ಎರಡು ತಳಿ ಬೆರೆಸಿ ಮಾಡುವ ಹೈಬ್ರಿಡ್ ಹತ್ತಿ ಬೀಜ ಕೈಯಿಂದಲೇ ಆಗಬೇಕು. ಮರುದಿನ ಅರಳುವ ಮೊಗ್ಗನ್ನು ಸಂಜೆ ಹುಡುಕಿ, ಎಸಳನ್ನೂ ಕೇಸರವನ್ನೂ ಉಗುರಿನಿಂದ ಬಿಡಿಸಬೇಕು. ನಡುವಿನ ಶಲಾಕೆಗೆ, ಅಂದರೆ ಹೂವಿನ ಹೆಣ್ಣು ಭಾಗಕ್ಕೆ, ಪೆಟ್ಟಾಗಬಾರದು. ಬೆಳಗ್ಗೆ ಗಂಡು ಸಾಲಿನ (ಪರಾಗಕ್ಕೆಂದು ಬೆಳೆಸಿದ ಇನ್ನೊಂದು ತಳಿಯ) ಹೂವು ತಂದು ಅದರ ಮೇಲೆ ಪರಾಗ ಸವರಬೇಕು. ಇದೇ ಕ್ರಾಸಿಂಗ್. ಒಂದೊಂದು ಹೂವಿಗೂ ಎರಡು ಸಲ ಕೈ, ಹೂ ಬಿಡುವಷ್ಟು ದಿನವೂ.

ಹುಡುಗಿಯರ ಬೆರಳು ನಾಜೂಕು, ಅದಕ್ಕೇ ಅವರನ್ನು ಕರೆಯುತ್ತಾರೆ ಎನ್ನುವುದನ್ನು ದಯವಿಟ್ಟು ಉತ್ತರಪತ್ರಿಕೆಯಲ್ಲಿ ಕಾರಣವೆಂದು ಬರೆಯಬೇಡಿ. ದೊಡ್ಡ ಹೆಂಗಸರೂ ಇದೇ ಕೆಲಸ ಮಾಡುತ್ತಾರೆ. ಆದರೆ ಅವರಿಗೆ ಹೆಚ್ಚು ಕೂಲಿ ಕೊಡಬೇಕು, ಬೈದರೆ ತಿರುಗಿ ಕೇಳುತ್ತಾರೆ. ಬೀಜೋತ್ಪಾದನೆಯ ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದ್ದೇ. ಅದನ್ನು ಇಳಿಸಲು ಹುಡುಗಿಯರು ಬೇಕು. ಇತ್ತ ಮನೆಯಲ್ಲಿ 'ಇವಳು ಹೇಗೂ ಬೇರೆ ಮನೆಗೆ ಹೋಗುವವಳು' ಎಂಬ ಮಾತು. ಎಷ್ಟೋ ಕಡೆ ಹೂ ಬಿಡುವ ಮೊದಲೇ ಅಪ್ಪ ಮುಂಗಡ ಪಡೆದಿರುತ್ತಾನೆ. ಅದು ತೀರುವವರೆಗೆ ಮಗಳು ಬಿಟ್ಟು ಬರುವಂತಿಲ್ಲ. ಹೀಗೆ ಮುಂಗಡಕ್ಕೆ ಕಟ್ಟಿಹಾಕಿದ ದುಡಿಮೆ 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಜೀತ. ಹೆತ್ತವರು ಪಡೆದ ಮುಂಗಡಕ್ಕೂ ಇದು ಅನ್ವಯಿಸುತ್ತದೆ.

ಪರಿಣಾಮಗಳಲ್ಲಿ ಕೀಟನಾಶಕ ಮುಖ್ಯ. ಔಷಧಿ ಹೊಡೆದ ಗಿಡಗಳ ನಡುವೆ ಮುಖ ಬಗ್ಗಿಸಿ ನಿಂತರೆ ತಲೆನೋವು, ವಾಕರಿಕೆ, ಚರ್ಮದ ತುರಿಕೆ. ಏಳನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು ದಸರಾ ಕಳೆದು ಎಷ್ಟೋ ದಿನಕ್ಕೆ ಬಂದಳು. ಹೆಬ್ಬೆರಳ ಉಗುರಿನ ಸಂದಿ ಕಪ್ಪಾಗಿ ಸೀಳಿತ್ತು, ಪೆನ್ನು ಹಿಡಿಯಲಾಗದೆ ನನ್ನ ನೋಟ್ಸ್ ನೋಡುತ್ತ ಸುಮ್ಮನೆ ಕೂತಿದ್ದಳು. ಭಿನ್ನರಾಶಿ ಮುಗಿದು ಬೀಜಗಣಿತ ಶುರುವಾಗಿತ್ತು. ಮರುವರ್ಷ ಅವಳು ಬರಲೇ ಇಲ್ಲ. ಮದುವೆಯಾಯಿತು ಎಂದು ಕೇಳಿದೆ. ಪುಸ್ತಕದಲ್ಲಿ ಶಾಲೆ ಬಿಡುವುದು, ಬಾಲ್ಯವಿವಾಹ ಎಂದು ಬೇರೆ ಬೇರೆ ಅಂಶಗಳಾಗಿ ಓದುವುದೆಲ್ಲ ಅವಳ ಪಾಲಿಗೆ ಒಂದರ ಹಿಂದೊಂದು ಬಂತು.

ಕಾನೂನು: 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ತುಂಬದವರನ್ನು ಎಲ್ಲ ಕೆಲಸಗಳಲ್ಲೂ ದುಡಿಸುವುದು ನಿಷಿದ್ಧ. ದುಡಿಸಿಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಅಪಾಯಕಾರಿಯಲ್ಲದ ಕುಟುಂಬದ ಕೆಲಸಕ್ಕೆ ವಿನಾಯಿತಿ ಇದೆ. ಸೋದರಮಾವ, ಚಿಕ್ಕಪ್ಪ, ಸೋದರತ್ತೆ ಕೂಡ ಇಲ್ಲಿ ಕುಟುಂಬವೇ. 'ಮಾವನ ಹೊಲ' ಎಂಬ ನೆಪ ಹುಟ್ಟುವುದು ಇಲ್ಲಿಂದಲೇ. ಆದರೆ ಆ ವಿನಾಯಿತಿ ದಿನದ ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ. ಪರಾಗ ಸವರುವುದು ಬೆಳಗ್ಗೆ, ಶಾಲೆಯ ಬೆಲ್ ಹೊಡೆಯುವ ಹೊತ್ತಿಗೆ.