ಹನ್ನೆರಡು ಫ್ರೇಮಿಗೊಂದು ಪೆಟ್ಟು

ಯಾವುದಾದರೂ ಆನಿಮೇಷನ್ ಸಿನಿಮಾದ ಹಾಡಿನ ಹೆಸರು ಕೊಟ್ಟು ಹುಡುಕಿ ನೋಡಿ. ಕೆಲವು ತಾಣಗಳಲ್ಲಿ ಹಾಡಿನ ಜೊತೆಗೇ ಮೂರು ಸಂಗತಿ ಸಿಗುತ್ತವೆ: ನಿಮಿಷಕ್ಕೆ ಎಷ್ಟು ಬೀಟ್ (ತಾಳದ ಪೆಟ್ಟು), ಯಾವ ಕೀ (ಹಾಡು ನಿಂತಿರುವ ಆಧಾರ ಸ್ವರ ಮತ್ತು ಸ್ವರಗಳ ಗುಂಪು), ಎಂಥ ಮೂಡ್. ಮೂರಕ್ಕೂ ಒಂದೇ ತೂಕ ಅನ್ನಿಸುತ್ತೆ, ಅಲ್ವಾ? ಆದರೆ ಹಾಡು ಖುಷಿಯದೋ ದುಃಖದ್ದೋ ಅಂತ ನಮ್ಮ ಕಿವಿಗೆ ಮೊದಲು ತಿಳಿಸುವುದು ವೇಗ. ಕೀಯ ಪಾತ್ರ ಆಮೇಲಿನದು.

ಆನಿಮೇಷನ್ ಮಾಡುವವರಿಗೆ ವೇಗದ ಲೆಕ್ಕ ಶುರುವಿನಿಂದಲೂ ತಪ್ಪಿದ್ದಲ್ಲ. 1928ರಲ್ಲಿ ಡಿಸ್ನಿ ತಂಡ ‘ಸ್ಟೀಮ್‌ಬೋಟ್ ವಿಲ್ಲಿ’ ಮಾಡುವಾಗ ಚಿತ್ರಕ್ಕೂ ಸಂಗೀತಕ್ಕೂ ಗಂಟು ಹಾಕುವುದು ಹೇಗೆ ಅನ್ನುವುದೇ ತಲೆನೋವು. ವಿಲ್ಫ್ರೆಡ್ ಜಾಕ್ಸನ್ ಎಂಬ ಆನಿಮೇಟರ್ ಮೆಟ್ರೋನೋಮ್ (ಒಂದೇ ವೇಗದಲ್ಲಿ ಟಕ್ ಟಕ್ ಅನ್ನುವ ತಾಳದ ಯಂತ್ರ) ಇಟ್ಟುಕೊಂಡು ಲೆಕ್ಕ ಕಟ್ಟಿಕೊಟ್ಟರು. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಅಂದರೆ ನಿಮಿಷಕ್ಕೆ 1440. ಹನ್ನೆರಡು ಫ್ರೇಮಿಗೊಂದು ಪೆಟ್ಟು ಬಿದ್ದರೆ ನಿಮಿಷಕ್ಕೆ 120 ಬೀಟ್. ಎಂಟು ಫ್ರೇಮಿಗೊಂದು ಬಿದ್ದರೆ 180. ಹೀಗೆ ಹಾಡಿನ ಲಯ ಗೊತ್ತಾದರೆ ಮಿಕ್ಕಿಯ ಕಾಲು ಯಾವ ಚಿತ್ರದಲ್ಲಿ ನೆಲ ಮುಟ್ಟಬೇಕು ಅನ್ನುವುದೂ ಗೊತ್ತಾಗುತ್ತದೆ. ಆದರೂ ಮೊದಲ ಸಲ ರೆಕಾರ್ಡಿಂಗ್‌ಗೆ ಕೂತಾಗ ವಾದ್ಯದವರಿಗೆ ಚಿತ್ರದ ಜೊತೆ ಹೊಂದಿಸಿಕೊಳ್ಳಲು ಆಗಲಿಲ್ಲ. ಮುಂದಿನ ಸಲ ಪರದೆಯ ಮೇಲೆ ಪುಟಿಯುವ ಚೆಂಡನ್ನು ತೋರಿಸಿ ತಾಳ ಹಿಡಿಸಿದರು.

ಇಡೀ ಫ್ರೇಮುಗಳಲ್ಲೇ ಎಣಿಸಿದರೆ ಒಂದು ತೊಡಕಿದೆ. 12 ಫ್ರೇಮಿಗೆ 120 ಬೀಟ್ ಆದರೆ 11ಕ್ಕೆ ಒಮ್ಮೆಲೇ ಸುಮಾರು 131. ನಡುವಿನ ವೇಗ ಬೇಕೆಂದರೆ? ಫಿಲಂ ಅಂಚಿನಲ್ಲಿ ಒಂದೊಂದು ಫ್ರೇಮಿಗೆ ನಾಲ್ಕು ತೂತುಗಳಿರುತ್ತವೆ. ಅವುಗಳ ಆಸರೆಯಲ್ಲಿ ಒಂದು ಫ್ರೇಮನ್ನು ಎಂಟು ಪಾಲು ಮಾಡಿಕೊಂಡರು. ಹನ್ನೆರಡೂವರೆ ಫ್ರೇಮಿಗೊಂದು ಪೆಟ್ಟು ಅಂದರೆ 115.2 ಬೀಟ್. ಫಿಲಂನ ಧ್ವನಿಪಟ್ಟಿಯಲ್ಲಿ ಲೆಕ್ಕದಂತೆ ತೂತು ಹೊಡೆದರೆ ವಾದ್ಯದವರ ಹೆಡ್‌ಫೋನ್‌ನಲ್ಲಿ ಟಕ್ ಟಕ್ ಅಂತ ಕೇಳಿಸುತ್ತದೆ. ಇದೇ ಕ್ಲಿಕ್ ಟ್ರ್ಯಾಕ್. ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಇನ್ನು ಕೀ ವಿಚಾರ. ಪಾಶ್ಚಾತ್ಯ ಸಂಗೀತದಲ್ಲಿ ಮೇಜರ್ ಅಂದರೆ ನಗು, ಮೈನರ್ ಅಂದರೆ ಅಳು ಅನ್ನುವ ಮಾತಿದೆ. ಮೇಜರ್ ನಮ್ಮ ಶಂಕರಾಭರಣದ ಸ್ವರಗಳಿಗೆ ಹತ್ತಿರ, ಮೈನರ್ ನಠಭೈರವಿಯ ಸ್ವರಗಳಿಗೆ. ಎದ್ದು ಕೇಳುವ ವ್ಯತ್ಯಾಸ ಗಾಂಧಾರದಲ್ಲಿ, ಅಂದರೆ ‘ಗ’ ಸ್ವರದಲ್ಲಿದೆ: ಮೇಜರ್‌ನಲ್ಲಿ ಎತ್ತರದ ಅಂತರ ಗಾಂಧಾರ, ಮೈನರ್‌ನಲ್ಲಿ ಅದಕ್ಕಿಂತ ತಗ್ಗಿನ ಸಾಧಾರಣ ಗಾಂಧಾರ. ಆದರೆ ಆಭೇರಿಯಲ್ಲೂ ಇರುವುದು ಸಾಧಾರಣ ಗಾಂಧಾರವೇ. ಆಭೇರಿಯನ್ನು ಅಳುವಿನ ರಾಗ ಅಂದರೆ ಯಾರೂ ಒಪ್ಪಲಿಕ್ಕಿಲ್ಲ. ಈ ನಂಟಿನಲ್ಲಿ ಕಲಿತು ಬಂದ ಪಾಲು ದೊಡ್ಡದೇ ಇರಬೇಕು.

ಮಕ್ಕಳ ಮೇಲೆ ನಡೆದ ಒಂದು ಪ್ರಯೋಗವೂ ಅದೇ ಕಡೆ ಬೆರಳು ತೋರಿಸುತ್ತದೆ. ಕೆನಡಾದ ಸಂಶೋಧಕಿ ಇಸಬೆಲ್ ಪೆರೆಟ್ಸ್ ಮತ್ತು ಸಂಗಡಿಗರು 2001ರಲ್ಲಿ ಅದನ್ನು ಪ್ರಕಟಿಸಿದರು. ಟ್ಯೂನ್‌ಗಳ ವೇಗ ಬದಲಿಸಿ, ಮೇಜರ್-ಮೈನರ್ ಅದಲುಬದಲು ಮಾಡಿ, ಖುಷಿಯೋ ದುಃಖವೋ ಅಂತ ಕೇಳಿದರು. ಐದು ವರ್ಷದವರು ವೇಗ ನೋಡಿ ಉತ್ತರ ಕೊಟ್ಟರು, ಮೇಜರ್-ಮೈನರ್ ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಆರರಿಂದ ಎಂಟು ವರ್ಷದವರು ಎರಡನ್ನೂ ಬಳಸಿದರು. ವೇಗ ಮೊದಲು ತಾಗುವುದರಲ್ಲಿ ಆಶ್ಚರ್ಯವೇನಿಲ್ಲ. ಬೇಸರದಲ್ಲಿರುವವರ ಮಾತು ನಿಧಾನ, ದನಿ ಮೆತ್ತಗೆ. ಸಂಗೀತ ಕಲಿಯದೆಯೂ ಇದನ್ನು ನಾವು ಗುರುತಿಸುತ್ತೇವೆ.

ಇದಕ್ಕೆ ಒಳ್ಳೆಯ ಉದಾಹರಣೆ 2009ರ ಪಿಕ್ಸಾರ್ ಚಿತ್ರ ‘ಅಪ್’. ಕಾರ್ಲ್ ಮತ್ತು ಅವನ ಹೆಂಡತಿ ‘ಎಲ್ಲಿ’ಯ ಇಡೀ ದಾಂಪತ್ಯವನ್ನು ಮಾತೇ ಇಲ್ಲದೆ ಸುಮಾರು ನಾಲ್ಕು ನಿಮಿಷದಲ್ಲಿ ಹೇಳಿಬಿಡುತ್ತಾರೆ. ಹಿಂದೆ ಮೈಕೇಲ್ ಜಿಯಾಕಿನೊ ಅವರ ಸಂಗೀತ. ಮೂರು ಎಣಿಕೆಯ ವಾಲ್ಟ್ಜ್, ಎಫ್ ಮೇಜರ್. ಮದುವೆಯ ಹೊತ್ತಿಗೆ ಟ್ರಂಪೆಟ್, ಪಿಟೀಲು ಎಲ್ಲ ಸೇರಿ ಕುಣಿಯುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅದೇ ಟ್ಯೂನ್, ಆದರೆ ಬರೀ ಪಿಯಾನೊ, ಅದೂ ತಡೆದು ತಡೆದು. ಅಳಿಸಲು ಮೈನರ್ ಬೇಕೇ ಆಗಲಿಲ್ಲ! ವೇಗ ಇಳಿಯಿತು, ವಾದ್ಯಗಳು ಕಳಚಿಕೊಂಡವು, ಅಷ್ಟು ಸಾಕಾಯಿತು. ಮೊದಲು ಖುಷಿಯಲ್ಲಿ ಕೇಳಿದ ಟ್ಯೂನ್ ಆದ್ದರಿಂದ ನೆನಪೂ ಕೈ ಸೇರಿಸುತ್ತದೆ. ಈ ಚಿತ್ರದ ಸಂಗೀತಕ್ಕೆ 2010ರಲ್ಲಿ ಆಸ್ಕರ್ ಬಂತು.

ಇಂಥ ತುಣುಕಿಗೆ ಬೀಟ್, ಕೀ, ಮೂಡ್ ಹೇಳುವ ಸಾಫ್ಟ್‌ವೇರ್ ಸುಮ್ನೆ ಒಂದು ಬೀಟ್ ಸಂಖ್ಯೆ ಅಂಟಿಸಿ ಕೈತೊಳೆದುಕೊಳ್ಳುತ್ತದೆ. ಪೆಟ್ಟು ಎಣಿಸುವಾಗ ಎಷ್ಟೋ ಸಲ ಅರ್ಧಕ್ಕೋ ದುಪ್ಪಟ್ಟಿಗೋ ಜಾರುವುದೂ ಉಂಟು. ಕೀ ಸರಿಯಾಗಿ ಹೇಳಿದರೂ ಶುರುವಿಗೂ ಕೊನೆಗೂ ಒಂದೇ ಉತ್ತರ ಬರುತ್ತದೆ. ಮೂಡ್ ಬದಲಾದದ್ದು ಎಲ್ಲಿ ಅಂತ ತಿಳಿಯಬೇಕಾದರೆ ಆ ನಾಲ್ಕು ನಿಮಿಷದಲ್ಲಿ ವೇಗ ಎಲ್ಲಿ ಕುಸಿಯಿತು ಅಂತ ನೋಡಬೇಕು.