99 ಪರ್ಸೆಂಟ್ ಆಕ್ಸಿಲರೇಟರ್, ಬ್ರೇಕ್ ಸೊನ್ನೆ

2021ರ ಏಪ್ರಿಲ್ 7ರಂದು ಲಾಸ್ ಏಂಜಲೀಸ್ ಕೌಂಟಿ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಕಚೇರಿ ಪತ್ರಿಕಾಗೋಷ್ಠಿ ಕರೆದು ಗಾಲ್ಫ್ ತಾರೆ ಟೈಗರ್ ವುಡ್ಸ್ ಕಾರು ಅಪಘಾತದ ಕಾರಣ ಹೇಳಿತು. ಗಂಟೆಗೆ 45 ಮೈಲಿ ಮಿತಿಯ ರಸ್ತೆಯಲ್ಲಿ ಕಾರು 84ರಿಂದ 87 ಮೈಲಿ ವೇಗದಲ್ಲಿತ್ತು. ನಮ್ಮ ಲೆಕ್ಕದಲ್ಲಿ 72 ಕಿಲೋಮೀಟರ್ ಮಿತಿ ಇದ್ದ ಕಡೆ 135–140. ಮರಕ್ಕೆ ಹೊಡೆದಾಗ ಇನ್ನೂ 75 ಮೈಲಿ, ಅಂದರೆ 120 ಕಿಲೋಮೀಟರ್. ಬ್ರೇಕ್ ಒತ್ತಿದ ಗುರುತೇ ಇಲ್ಲ. ಆಕ್ಸಿಲರೇಟರ್ ಮಾತ್ರ 99 ಪರ್ಸೆಂಟ್ ಒತ್ತಿತ್ತು.

ಪತ್ರಿಕೆಗಳು ವೇಗವನ್ನು ತಲೆಬರಹ ಮಾಡಿದವು. ನಾನು ಮೋಟಾರ್ ವಿಮೆಯ ಸರ್ವೇಯರ್. ಜಜ್ಜಿಹೋದ ಗಾಡಿ ನೋಡೋದೇ ಕೆಲಸ. ನನ್ನ ಕಣ್ಣು ಹೋಗಿದ್ದು ಪೆಡಲ್ ಕಡೆಗೆ. ವೇಗ ಎಷ್ಟಿತ್ತು ಅಂತ ಹೇಳಿದರೆ ಕಾರು ಏನು ಮಾಡಿತು ಅಂತ ಗೊತ್ತಾಯಿತು, ಅಷ್ಟೇ. ಓಡಿಸುತ್ತಿದ್ದವರಿಗೆ ಏನಾಗಿತ್ತು?

ಮೊದಲು ನಡೆದದ್ದು ನೋಡೋಣ. ಫೆಬ್ರವರಿ 23ರ ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಹಾಥಾರ್ನ್ ಬುಲೆವಾರ್ಡ್ ಗುಡ್ಡದಿಂದ ಇಳಿಯುವ ರಸ್ತೆ. ಬ್ರೇಕ್ ಫೇಲ್ ಆದ ಲಾರಿಗಳು ನುಗ್ಗಲಿ ಅಂತ ಪಕ್ಕದಲ್ಲಿ ಬೇರೆ ದಾರಿಯನ್ನೇ ಮಾಡಿಟ್ಟಿದ್ದಾರೆ, ಅಂಥ ಇಳಿಜಾರು. ವುಡ್ಸ್ ಓಡಿಸುತ್ತಿದ್ದದ್ದು ಜೆನೆಸಿಸ್ ಜಿವಿ80. ಅವರು ಆತಿಥ್ಯ ವಹಿಸಿದ್ದ ಟೂರ್ನಿಯ ಪ್ರಾಯೋಜಕ ಕಂಪನಿಯೇ ಓಡಾಡಲು ಕೊಟ್ಟಿದ್ದ ಕಾರು. ರಸ್ತೆ ಬಲಕ್ಕೆ ಬಾಗಿತು, ಕಾರು ಬಾಗಲಿಲ್ಲ. ಡಿವೈಡರ್ ಹತ್ತಿ, ಎದುರಿನ ಲೇನ್‌ಗಳನ್ನು ದಾಟಿ, ಆಚೆ ಬದಿಯ ಮರಕ್ಕೆ ಹೊಡೆದು ಉರುಳಿತು. ಎದುರಿಗೆ ಆ ಕ್ಷಣದಲ್ಲಿ ಯಾರೂ ಬರದಿದ್ದದ್ದು ಪುಣ್ಯ.

ಜೀವ ಉಳಿಸಿದ್ದು ಸೀಟ್ ಬೆಲ್ಟ್, ಏರ್‌ಬ್ಯಾಗ್, ಮತ್ತು ಬಾನೆಟ್ ಭಾಗ ಪೂರ್ತಿ ನಜ್ಜುಗುಜ್ಜಾಗಿ ಒಳಗಿನ ಕ್ಯಾಬಿನ್ ಹೆಚ್ಚುಕಡಿಮೆ ಹಾಗೇ ನಿಂತದ್ದು. ಬಾನೆಟ್ ಚಿಂದಿಯಾದ ಗಾಡಿ ನೋಡಿ ಜನ ‘ತಗಡು ಕಾರು’ ಅಂತಾರೆ. ಅದು ಹಾಗೆ ಚಿಂದಿಯಾಗಲೆಂದೇ ಮಾಡಿರೋದು. ಆದರೆ ಕಾಲು ಇರುವ ಜಾಗ ಇಂಜಿನ್‌ಗೆ ತೀರಾ ಹತ್ತಿರ. ವುಡ್ಸ್ ಬಲಗಾಲಿನಲ್ಲಿ ಮೊಣಕಾಲಿನ ಕೆಳಗಿನ ಎರಡೂ ಎಲುಬು ಚೂರಾಗಿ ಚರ್ಮ ಸೀಳಿತ್ತು. ಹಾರ್ಬರ್-ಯುಸಿಎಲ್‌ಎ ಆಸ್ಪತ್ರೆಯಲ್ಲಿ ಎಲುಬಿನೊಳಗೆ ರಾಡ್ ಕೂರಿಸಿದರು. ಪಾದಕ್ಕೆ, ಕಣಕಾಲಿಗೆ ಸ್ಕ್ರೂ, ಪಿನ್ ಹಾಕಿದರು.

ಮೊದಲ ದಿನದ ಸುದ್ದಿಯನ್ನು ಸರ್ವೇಯರ್‌ಗಳು ಯಾಕೆ ನಂಬೋದಿಲ್ಲ ಅನ್ನೋದಕ್ಕೆ ಇಲ್ಲೊಂದು ಉದಾಹರಣೆ ಇದೆ. ಕಾರನ್ನು ಹೈಡ್ರಾಲಿಕ್ ಯಂತ್ರದಿಂದ ಕತ್ತರಿಸಿ ವುಡ್ಸ್ ಅವರನ್ನು ಹೊರತೆಗೆದರು ಅಂತ ಶೆರಿಫ್ ಕಚೇರಿಯೇ ಮೊದಲು ಹೇಳಿತ್ತು. ಆಮೇಲೆ ತಿಳಿದದ್ದು, ಅಗ್ನಿಶಾಮಕದವರು ಕೊಡಲಿ ಮತ್ತು ಮೀಟುಗೋಲು ಹಿಡಿದು, ಮುಂದಿನ ಗಾಜು ಕಿತ್ತು, ಅಲ್ಲಿಂದ ಎಳೆದುಕೊಂಡಿದ್ದರು ಅಂತ. ಸಣ್ಣ ವಿಷಯ, ಅಲ್ವಾ? ಆದರೆ ಮಾರನೇ ದಿನ ಶೆರಿಫ್ ಅಲೆಕ್ಸ್ ವಿಲ್ಲಾನುಯೆವಾ ಇದು ಬರೀ ಅಪಘಾತ, ಕೇಸು ಹಾಕುವ ಯೋಚನೆಯಿಲ್ಲ ಅಂದುಬಿಟ್ಟರು. ಆಗ ಬ್ಲಾಕ್ ಬಾಕ್ಸ್ ಓದಿರಲಿಲ್ಲ. ಅದಕ್ಕೆ ಕೋರ್ಟಿನಿಂದ ವಾರಂಟ್ ತಂದದ್ದೇ ಆಮೇಲೆ.

ಬ್ಲಾಕ್ ಬಾಕ್ಸ್ ಅಂದರೆ ವಿಮಾನದ್ದನ್ನು ಊಹಿಸಿಕೊಳ್ಳಬೇಡಿ. ಕಾರಿನಲ್ಲಿ ಅದು ಏರ್‌ಬ್ಯಾಗ್ ನಿಯಂತ್ರಿಸುವ ಮಾಡ್ಯೂಲಿನ ಒಳಗೇ ಇರುತ್ತದೆ. ಮಾತು, ವಿಡಿಯೋ ಏನೂ ಇರೋದಿಲ್ಲ. ಅಮೆರಿಕದ ಆಗಿನ ನಿಯಮ ಕೇಳುತ್ತಿದ್ದದ್ದು ಡಿಕ್ಕಿಗೆ ಹಿಂದಿನ 5 ಸೆಕೆಂಡಿನ ಲೆಕ್ಕ ಮಾತ್ರ. ಸೆಕೆಂಡಿಗೆ ಎರಡು ಸಲ ವೇಗ, ಆಕ್ಸಿಲರೇಟರ್ ಎಷ್ಟು ಪರ್ಸೆಂಟ್, ಬ್ರೇಕ್ ಒತ್ತಿದೆಯೋ ಇಲ್ಲವೋ. ಬೆಲ್ಟ್ ಹಾಕಿತ್ತೋ ಇಲ್ಲವೋ, ಡಿಕ್ಕಿಯಲ್ಲಿ ವೇಗ ಎಷ್ಟು ಕುಸಿಯಿತು, ಇವೂ ಇರುತ್ತವೆ. ಪ್ರಿಂಟ್ ತೆಗೆದರೆ ಅಂಕಿಗಳ ಪುಟ್ಟ ಕೋಷ್ಟಕ. 140ರ ವೇಗದಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ಕಾರು 19 ಮೀಟರ್ ಹೋಗಿರುತ್ತದೆ. 5 ಸೆಕೆಂಡಿಗೆ ಸುಮಾರು 190 ಮೀಟರ್. ಅದರ ಹಿಂದಿನದು ಕತ್ತಲೆ.

(ನಮ್ಮ ಕಡೆಯೂ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಆ ಮಾಡ್ಯೂಲ್ ಇದ್ದೇ ಇರುತ್ತದೆ. ಆದರೆ ನಾನು ನೋಡುವ ಸಾಮಾನ್ಯ ಕ್ಲೇಮುಗಳಲ್ಲಿ ಅದನ್ನು ಓದಿಸಬೇಕು ಅಂತ ಯಾರಿಗೂ ಅನಿಸೋದಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಹೊಸ ಮಾಡ್ಯೂಲ್ ಬಿಲ್ಲಿಗೆ ಸೇರುತ್ತದೆ, ಹಳೆಯದು ಸ್ಕ್ರ್ಯಾಪಿಗೆ ಹೋಗುತ್ತದೆ. ಸಾಕ್ಷಿಯೂ ಅದರ ಜೊತೆಗೇ.)

ಈಗ ಪೆಡಲ್ ವಿಷಯ. ವುಡ್ಸ್ ಗಾಬರಿಯಲ್ಲಿ ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿರಬಹುದು ಅಂತ ತನಿಖೆಯವರು ಹೇಳಿದರು. ಇದು ಆಗದ ಮಾತಲ್ಲ. ಪಾರ್ಕಿಂಗ್‌ನಲ್ಲಿ, ಮನೆ ಗೇಟಿನ ಹತ್ತಿರ ಇಂಥವು ನಡೆಯುತ್ತಲೇ ಇರುತ್ತವೆ. ಆದರೆ ಗಾಬರಿಯಾದ ಮನುಷ್ಯ ಕಾಲಿನ ಜೊತೆ ಕೈಯನ್ನೂ ಆಡಿಸುತ್ತಾನೆ. ಸ್ಟೀರಿಂಗ್ ಎಳೆಯುತ್ತಾನೆ. ಇಲ್ಲಿ ರಸ್ತೆ ತಿರುಗಿದ ಕಡೆ ಕಾರು ನೇರ ಹೋಗಿತ್ತು. ಹಾಗಾಗಿ ಚಾಲಕ ನಿದ್ದೆಗೋ ಪ್ರಜ್ಞೆ ತಪ್ಪಿದ ಸ್ಥಿತಿಗೋ ಜಾರಿದಂತೆ ಕಾಣುತ್ತದೆ ಅಂತ ಕೆಲವು ಸ್ವತಂತ್ರ ಪರಿಣತರು ಪತ್ರಿಕೆಗಳಿಗೆ ಹೇಳಿದರು. ನನಗೂ ಆ ವಾದ ಹೆಚ್ಚು ಒಪ್ಪಿಗೆ. ಆದರೆ ಎರಡೂ ಊಹೆಯೇ. ಒತ್ತಿದ ಪಾದ ಎಚ್ಚರವಿತ್ತೋ ಇಲ್ಲವೋ ಅಂತ ಡಬ್ಬಿಗೆ ಗೊತ್ತಾಗೋದಿಲ್ಲ. ವುಡ್ಸ್ ತಮಗೆ ಕಾರು ಓಡಿಸಿದ ನೆನಪೇ ಇಲ್ಲ ಅಂದರು. ತಾವು ಫ್ಲೋರಿಡಾದಲ್ಲಿ ಇದ್ದೇವೆ ಅಂದುಕೊಂಡಿದ್ದರು.

ಅಲ್ಲಿಗೆ ಉಳಿದದ್ದು ರಕ್ತ. ಅದನ್ನು ಪರೀಕ್ಷೆಗೆ ತೆಗೆಯಲಿಲ್ಲ. ಅಮಲಿನ ಲಕ್ಷಣ ಕಾಣಲಿಲ್ಲ, ವಾಸನೆ ಇರಲಿಲ್ಲ, ಹಾಗಾಗಿ ವಾರಂಟ್ ಕೇಳಲು ಕಾನೂನಿನ ಆಧಾರ ಇರಲಿಲ್ಲ ಅಂತ ಅಧಿಕಾರಿಗಳ ಉತ್ತರ. ಅಪಘಾತದ ಜಾಗದಲ್ಲಿ ಸಿಕ್ಕ ಬ್ಯಾಗಿನಲ್ಲಿ ಲೇಬಲ್ ಇಲ್ಲದ ಖಾಲಿ ಮಾತ್ರೆ ಬಾಟಲಿ ಇತ್ತು ಅಂತ ಶೆರಿಫ್ ಕಚೇರಿಯ 22 ಪುಟದ ವರದಿಯಲ್ಲಿದೆ. ಅದರಲ್ಲಿ ಏನಿತ್ತು ಅನ್ನೋದು ಇಲ್ಲ. ಖಾಲಿ ಬಾಟಲಿಯಿಂದ ಏನೂ ಸಾಬೀತಾಗೋದಿಲ್ಲ. ಆ ಮನುಷ್ಯನಿಗೆ ಎರಡು ತಿಂಗಳ ಹಿಂದಷ್ಟೇ ಬೆನ್ನಿನ ಸರ್ಜರಿ ಆಗಿತ್ತು. ಔಷಧಿ ತಗೊಳ್ಳೋದು ಅಪರಾಧವೂ ಅಲ್ಲ. ಆದರೆ ತಲೆಗೆ ಪೆಟ್ಟಾಯಿತೇನೋ ಎನ್ನುವಷ್ಟು ಗೊಂದಲದಲ್ಲಿರುವ ಗಾಯಾಳುವನ್ನು ನೋಡಿ ‘ಅಮಲಿನ ಲಕ್ಷಣವಿಲ್ಲ’ ಅಂತ ಬರೆಯೋದು ಹೇಗೆ? ಪೆಟ್ಟಿನ ಗೊಂದಲ ಯಾವುದು, ಮಾತ್ರೆಯ ಗೊಂದಲ ಯಾವುದು ಅಂತ ರಸ್ತೆ ಬದಿಯಲ್ಲಿ ಬೇರ್ಪಡಿಸಲು ಆಗೋದಿಲ್ಲ.

ವುಡ್ಸ್ ಅವರ ಹಿಂದಿನ ಎರಡು ಪ್ರಕರಣ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. 2009ರ ನವೆಂಬರ್ 27ರಂದು ಫ್ಲೋರಿಡಾದಲ್ಲಿ ಮನೆ ಮುಂದೆಯೇ ಫೈರ್ ಹೈಡ್ರಂಟ್‌ಗೂ ಮರಕ್ಕೂ ಗುದ್ದಿದ್ದರು. ಆಸ್ಪತ್ರೆಯ ರಕ್ತದ ವರದಿ ಬೇಕು ಅಂತ ಪೊಲೀಸ್ ಅಧಿಕಾರಿಯೊಬ್ಬರು ಕೇಳಿದರು. ಸಾಕಷ್ಟು ಆಧಾರ ಇಲ್ಲ ಅಂತ ಸರ್ಕಾರಿ ವಕೀಲರು ಒಪ್ಪಲಿಲ್ಲ. 164 ಡಾಲರ್ ದಂಡದೊಂದಿಗೆ ಮುಗಿಯಿತು. 2017ರ ಮೇ 29ರಂದು ಫ್ಲೋರಿಡಾದ ಜುಪಿಟರ್ ಪಟ್ಟಣದಲ್ಲಿ ರಸ್ತೆಯಲ್ಲಿ ನಿಂತ ಕಾರಿನಲ್ಲಿ ನಿದ್ದೆ ಹೋಗಿದ್ದರು. ಉಸಿರಿನ ಪರೀಕ್ಷೆಯಲ್ಲಿ ಮದ್ಯ ಸೊನ್ನೆ. ಮೂತ್ರ ಪರೀಕ್ಷೆಯಲ್ಲಿ ಐದು ಬಗೆಯ ಪದಾರ್ಥ. ನೋವಿನ ಮಾತ್ರೆ, ನಿದ್ದೆ ಮಾತ್ರೆ ಎಲ್ಲ ಅದರಲ್ಲಿದ್ದವು. ಮೂರು ಘಟನೆಗಳಲ್ಲಿ ‘ಯಾಕೆ’ ಅನ್ನೋದಕ್ಕೆ ಕಾಗದದ ಮೇಲೆ ಉತ್ತರ ಸಿಕ್ಕಿದ್ದು ಮಾದರಿ ತೆಗೆದ ಆ ಒಂದು ಸಲ. ಹಾಗಂತ 2021ರಲ್ಲೂ ಅದೇ ಆಗಿತ್ತು ಅನ್ನಲು ಬರೋದಿಲ್ಲ. ಕೇಳಲೇ ಇಲ್ಲ ಅಂತ ಮಾತ್ರ ಹೇಳಬಹುದು.

ನಮ್ಮ ಆಸ್ಪತ್ರೆಗಳ ವೂಂಡ್ ಸರ್ಟಿಫಿಕೇಟಿನಲ್ಲಿ ‘ಮದ್ಯದ ವಾಸನೆ ಇದೆ’ ಅಂತ ಒಂದು ಸಾಲು ಬರೆಯುತ್ತಾರೆ. ರಕ್ತ ಮಾತ್ರ ತೆಗೆದಿರೋದಿಲ್ಲ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಅಂತ ಕಾನೂನು ಅಳತೆ ಹೇಳುತ್ತದೆ. ವಾಸನೆಗೆ ಅಳತೆ ಎಲ್ಲಿಂದ ತರೋದು? ಆ ಒಂದು ಸಾಲು ಹಿಡಿದುಕೊಂಡು ವಿಮಾ ಕಂಪನಿಯೂ ಗಾಡಿ ಮಾಲೀಕರೂ ವರ್ಷಗಟ್ಟಲೆ ಕೋರ್ಟಿನಲ್ಲಿ ಜಗ್ಗಾಡುತ್ತಾರೆ. ರಕ್ತ ಕಾಯೋದಿಲ್ಲ. ಜಜ್ಜಿದ ಗಾಡಿ ಬೇಕಾದರೆ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ವುಡ್ಸ್‌ಗೆ ದಂಡದ ಟಿಕೆಟ್ ಕೊಡದಿದ್ದಕ್ಕೂ ಜನ ಬೈದರು. ಕ್ಯಾಲಿಫೋರ್ನಿಯಾದಲ್ಲಿ ವೇಗ ಮೀರಿದ್ದಕ್ಕೆ ದಂಡ ಹಾಕಬೇಕಾದರೆ ಅಧಿಕಾರಿಯೋ ಸ್ವತಂತ್ರ ಸಾಕ್ಷಿಯೋ ಕಣ್ಣಾರೆ ನೋಡಿರಬೇಕು, ಇಲ್ಲಿ ಇಬ್ಬರೂ ಇರಲಿಲ್ಲ ಅಂತ ಶೆರಿಫ್ ವಿವರಣೆ. ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ತನಿಖೆ ಮುಗಿದ ಮೇಲೂ ಖಾಸಗಿತನದ ಹೆಸರಲ್ಲಿ, ವುಡ್ಸ್ ಒಪ್ಪಿಗೆ ಕೊಡುವ ತನಕ ಕಾರಣ ಹೇಳದೆ ಕೂತದ್ದು ಮಾತ್ರ ಸರಿ ಕಾಣಲಿಲ್ಲ. ಬೇರೆ ಯಾರದಾದರೂ ಕಾರು ಆಗಿದ್ದರೆ ಇಷ್ಟು ಸಂಕೋಚ ಇರುತ್ತಿತ್ತಾ?

2024ರಲ್ಲಿ ಅಮೆರಿಕ ಬ್ಲಾಕ್ ಬಾಕ್ಸ್ ನಿಯಮ ಬದಲಿಸಿತು. 5 ಸೆಕೆಂಡಿನ ಬದಲು 20 ಸೆಕೆಂಡು, ಸೆಕೆಂಡಿಗೆ 2 ಸಲದ ಬದಲು 10 ಸಲ. ಹಾಥಾರ್ನ್ ಬುಲೆವಾರ್ಡ್‌ನ ಆ ಕಾರಿನಲ್ಲಿ ಇಷ್ಟು ಇದ್ದಿದ್ದರೆ ಇಳಿಜಾರಿನ ಇನ್ನಷ್ಟು ಭಾಗ ಕಾಣುತ್ತಿತ್ತು. ಮಾಮೂಲಿ ವೇಗದಲ್ಲಿದ್ದ ಕಾರು ಕೊನೆಯಲ್ಲಿ ಒಮ್ಮೆಲೇ ನುಗ್ಗಿತು ಅಂತಾಗಿದ್ದರೆ ಪೆಡಲ್ ತಪ್ಪಿತು ಅನ್ನುವ ಮಾತಿಗೆ ಬಲ ಬರುತ್ತಿತ್ತು. ಪಾದದ ಭಾರ ನಿಧಾನಕ್ಕೆ ಆಕ್ಸಿಲರೇಟರ್ ಮೇಲೆ ಬಿದ್ದು, ಸ್ಟೀರಿಂಗ್ ಅಲುಗದೆ, ವೇಗ ಏರುತ್ತಾ ಹೋಗಿದ್ದರೆ ನಿದ್ದೆ ಅನ್ನುತ್ತಿದ್ದೆ.