ಗೋದಾಮಿನ ಡಾಕ್ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್: ಅಧ್ಯಯನ ಟಿಪ್ಪಣಿ

ಗೋದಾಮಿಗೆ ಬರುವ ಲಾರಿಗಳಿಗೆ ಟೈಮ್ ಕೊಡುವ ಸಾಫ್ಟ್‌ವೇರ್ ಅಂದ ಕೂಡಲೇ ಕಣ್ಣಮುಂದೆ ಬರುವುದು ಕ್ಯಾಲೆಂಡರ್. ಎಡಕ್ಕೆ ಗಂಟೆಗಳು, ಮೇಲೆ ಡಾಕ್‌ನ ಅಂದರೆ ಲಾರಿ ಹಚ್ಚಿ ಸರಕು ಇಳಿಸುವ ಬಾಗಿಲುಗಳ ನಂಬರ್, ನಡುವೆ ಬಣ್ಣದ ಚೌಕಗಳು. ಆ ಪರದೆ ಬೇಕೇ ಬೇಕು, ಆದರೆ ಅದನ್ನು ಕಟ್ಟುವುದು ಸುಲಭ. ಒಂದು ಲಾರಿ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ಅಂದಾಜು ಮಾಡುವುದು ಕಷ್ಟ. ಈ ಅಂದಾಜು ಕೆಟ್ಟರೆ ಎಷ್ಟು ಚೆಂದದ ಪರದೆ ಇದ್ದರೂ ಗೇಟಿನ ಹೊರಗೆ ಸಾಲು ಬೆಳೆಯುತ್ತದೆ. ಹಾಗಾಗಿ ಈ ಟಿಪ್ಪಣಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು ಒಂದೆರಡು ಪದ. ಡ್ರೈವರ್ ಕಾಯುತ್ತಿರುವಾಗಲೇ ಸರಕು ಇಳಿಸಿದರೆ ಅದು ಲೈವ್ ಅನ್‌ಲೋಡ್. ಟ್ರೇಲರ್ ಬಿಟ್ಟು ಡ್ರೈವರ್ ಹೊರಟುಹೋದರೆ ಡ್ರಾಪ್. ಡ್ರಾಪ್ ಆದ ಟ್ರೇಲರ್‌ಗೆ ಬಾಗಿಲು ತಕ್ಷಣ ಬೇಕಿಲ್ಲ, ಅಂಗಳದಲ್ಲಿ ಜಾಗ ಇದ್ದರೆ ಸಾಕು. ಎರಡನ್ನೂ ಒಂದೇ ತರಹದ ಅಪಾಯಿಂಟ್‌ಮೆಂಟ್ ಎಂದು ದಾಖಲಿಸಿದರೆ ಲೆಕ್ಕ ಶುರುವಿನಲ್ಲೇ ತಪ್ಪುತ್ತದೆ.

ಸಾಲು ಯಾಕೆ ಬೆಳೆಯುತ್ತದೆ

ಇಲ್ಲಿ ಸ್ವಲ್ಪ ಗಣಿತ ಬೇಕು. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಗಣಿತಜ್ಞ ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಒಂದು ಅಂದಾಜು ಸೂತ್ರ ಇದೆ. ಒಂದು ಬಾಗಿಲಿನ ಮುಂದೆ ಸರಾಸರಿ ಎಷ್ಟು ಹೊತ್ತು ಕಾಯಬೇಕು ಎಂಬುದು ಮೂರು ಸಂಗತಿಗಳ ಗುಣಲಬ್ಧ. ಮೊದಲನೆಯದು ಬಾಗಿಲು ಎಷ್ಟು ಬ್ಯುಸಿ ಎಂಬುದು: ಬಳಕೆಯನ್ನು (1 − ಬಳಕೆ)ಯಿಂದ ಭಾಗಿಸಬೇಕು. ಎರಡನೆಯದು ಏರುಪೇರು: ಲಾರಿಗಳು ಬರುವುದರಲ್ಲಿರುವ ಏರುಪೇರು ಮತ್ತು ಇಳಿಸುವ ಕೆಲಸದಲ್ಲಿರುವ ಏರುಪೇರು, ಇವೆರಡನ್ನೂ ಕೂಡಿಸಿ ಅರ್ಧ ಮಾಡಬೇಕು. ಮೂರನೆಯದು ಒಂದು ಲಾರಿಗೆ ಹಿಡಿಯುವ ಸರಾಸರಿ ಸಮಯ. ಏರುಪೇರಿನ ಅಳತೆ ಅಂದರೆ ಸ್ಟಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಅನ್ನು ಸರಾಸರಿಯಿಂದ ಭಾಗಿಸಿ ವರ್ಗ ಮಾಡಿದ್ದು.

ಒಂದು ಬಾಗಿಲು, ಒಂದು ಲಾರಿಗೆ ಸರಾಸರಿ 45 ನಿಮಿಷ ಎಂದುಕೊಳ್ಳಿ. ಲಾರಿಗಳು ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತವೆ, ಇಳಿಸುವ ಸಮಯವೂ ಹೇಗೆಂದರೆ ಹಾಗೆ ಇದೆ. ಎರಡೂ ಏರುಪೇರು 1 ಎಂದಿಟ್ಟುಕೊಳ್ಳೋಣ. ಬಾಗಿಲು 80% ಹೊತ್ತು ಬ್ಯುಸಿ ಇದ್ದರೆ 0.8 ÷ 0.2 ಅಂದರೆ 4. ಕಾಯುವಿಕೆ 4 × 1 × 45 = 180 ನಿಮಿಷ. ಮುಕ್ಕಾಲು ಗಂಟೆಯ ಕೆಲಸಕ್ಕೆ ಮೂರು ಗಂಟೆ ಕಾಯುವುದು! ಬಳಕೆ 90% ಆದರೆ 9 × 45 = 405 ನಿಮಿಷ, ಆರೂ ಮುಕ್ಕಾಲು ಗಂಟೆ. ಬಳಕೆ ಏರಿದ್ದು ಬರೀ ಹತ್ತು, ಕಾಯುವಿಕೆ ಎರಡು ಪಟ್ಟಿಗಿಂತ ಜಾಸ್ತಿ. "ಬಾಗಿಲು ಒಂದು ನಿಮಿಷವೂ ಖಾಲಿ ಇರಬಾರದು" ಎಂದು ಹಟ ಹಿಡಿಯುವ ಮ್ಯಾನೇಜರ್‌ಗೆ ಈ ಎರಡು ಅಂಕಿ ತೋರಿಸಬೇಕು.

ಈಗ ಅಪಾಯಿಂಟ್‌ಮೆಂಟ್ ತಂದೆವು. ಎಲ್ಲರೂ ಹೇಳಿದ ಹೊತ್ತಿಗೇ ಬಂದರು ಎನ್ನಿ. ಬರುವ ಏರುಪೇರು 1ರಿಂದ 0ಗೆ ಇಳಿಯುತ್ತದೆ. 80% ಬಳಕೆಯಲ್ಲಿ ಕಾಯುವಿಕೆ 4 × ½ × 45 = 90 ನಿಮಿಷ. ಅರ್ಧ ಕಡಿಮೆಯಾಯಿತು, ಉಳಿದರ್ಧ ಅಲ್ಲೇ ಕೂತಿದೆ. ಲಾರಿಗಳನ್ನು ಶಿಸ್ತಿಗೆ ತಂದಷ್ಟಕ್ಕೇ ಆ ಉಳಿದರ್ಧ ಹೋಗುವುದಿಲ್ಲ. ಅದು ಇಳಿಸುವ ಕೆಲಸದ ಏರುಪೇರಿನಿಂದ ಬಂದದ್ದು. ಅದನ್ನು 1ರಿಂದ 0.25ಕ್ಕೆ ಇಳಿಸಿದರೆ ಕಾಯುವಿಕೆ 22.5 ನಿಮಿಷಕ್ಕೆ ಬರುತ್ತದೆ.

ಏರುಪೇರನ್ನು ಇಳಿಸುವುದು ಹೇಗೆ? ಕೆಲಸವನ್ನೇ ಒಂದೇ ಅಳತೆಗೆ ತರಲು ಆಗುವುದಿಲ್ಲ. ಪ್ಯಾಲೆಟ್ (ಸರಕು ಇಡುವ ಚಪ್ಪಟೆ ಹಲಗೆ) ಮೇಲೆ ಜೋಡಿಸಿದ ಸರಕನ್ನು ಫೋರ್ಕ್‌ಲಿಫ್ಟ್ ಎತ್ತಿಕೊಂಡು ಹೋಗುತ್ತದೆ. 13.6 ಮೀಟರ್ ಟ್ರೇಲರ್‌ನಲ್ಲಿ ಒಂದರ ಮೇಲೊಂದು ಪೇರಿಸದೆ 33 ಯೂರೋ ಪ್ಯಾಲೆಟ್ ಹಿಡಿಯುತ್ತವೆ, ಅಂದರೆ 33 ಸಲ ಎತ್ತಿದರೆ ಮುಗಿಯಿತು. ಅದೇ ಜಾಗದಲ್ಲಿ ಬಿಡಿ ಪೆಟ್ಟಿಗೆಗಳನ್ನು ನೆಲದಿಂದ ಚಾವಣಿವರೆಗೆ ತುಂಬಿದ್ದರೆ ಒಂದೊಂದನ್ನೂ ಕೈಯಿಂದ ಇಳಿಸಬೇಕು. ಇವೆರಡಕ್ಕೂ ಒಂದೊಂದು ಗಂಟೆಯ ಸ್ಲಾಟ್ ಕೊಟ್ಟರೆ ಒಬ್ಬನಿಗೆ ಸಮಯ ಮಿಗುತ್ತದೆ, ಇನ್ನೊಬ್ಬ ಮುಂದಿನವನ ಹೊತ್ತನ್ನು ತಿನ್ನುತ್ತಾನೆ. ಸ್ಲಾಟ್‌ನ ಉದ್ದವನ್ನು ಕೆಲಸಕ್ಕೆ ತಕ್ಕಂತೆ ಇಟ್ಟರೆ, ಉಳಿಯುವ ಏರುಪೇರು ನಮ್ಮ ಅಂದಾಜಿನ ತಪ್ಪು ಎಷ್ಟಿದೆಯೋ ಅಷ್ಟೇ. ರೆಡಿಮೇಡ್ ಸಾಫ್ಟ್‌ವೇರ್ ಬಿಟ್ಟು ಸ್ವಂತದ್ದು ಕಟ್ಟಲು ನನಗೆ ಕಾಣುವ ದೊಡ್ಡ ಕಾರಣ ಇದೇ: ನಿಮ್ಮ ಸರಕಿನ ಸ್ವಭಾವ ಗೊತ್ತಿರುವುದು ನಿಮಗೆ.

ಅಂದಾಜು ಮಾಡುವ ಬಗೆ

ಬುಕ್ ಮಾಡುವಾಗ ಕೇಳಬೇಕಾದದ್ದು ಕೆಲವೇ: ಪ್ಯಾಲೆಟ್ಟೋ ಬಿಡಿಯೋ, ಎಷ್ಟು ಪ್ಯಾಲೆಟ್ ಅಥವಾ ಪೆಟ್ಟಿಗೆ, ಎಷ್ಟು ಬಗೆಯ ಸರಕು, ತಂಪಿನ ಸರಕೇ, ಯಾವ ಖರೀದಿ ಆರ್ಡರ್ ನಂಬರ್. ಸರಕಿನ ಬಗೆಗಳು ಜಾಸ್ತಿ ಇದ್ದಷ್ಟೂ ವಿಂಗಡಿಸಿ ಎಣಿಸುವ ಕೆಲಸ ಜಾಸ್ತಿ. ಇದನ್ನು ಹಲವರು ಮರೆಯುತ್ತಾರೆ. ಪೂರೈಕೆದಾರರು ಮುಂಚೆಯೇ ರವಾನೆ ಸೂಚನೆ ಕಳಿಸುತ್ತಿದ್ದರೆ (ಕಂಪನಿಗಳ ಕಂಪ್ಯೂಟರ್‌ಗಳು ವ್ಯಾಪಾರದ ದಾಖಲೆ ಕಳಿಸಿಕೊಳ್ಳುವ ಎರಡು ಪದ್ಧತಿಗಳಲ್ಲಿ ಅದರ ಹೆಸರು: ಎಕ್ಸ್12ರಲ್ಲಿ 856, ಎಡಿಫ್ಯಾಕ್ಟ್‌ನಲ್ಲಿ ಡೆಸ್ಯಾಡ್ವ್) ಈ ವಿವರಗಳು ಅದರಲ್ಲೇ ಸಿಗುತ್ತವೆ, ಮತ್ತೆ ಟೈಪ್ ಮಾಡಿಸಬೇಡಿ.

ಶುರುವಿಗೆ ಸರಳ ಸೂತ್ರ ಸಾಕು: ಬಾಗಿಲಿಗೆ ಹಚ್ಚಿ ತೆಗೆಯುವ ಸ್ಥಿರ ಸಮಯ, ಅದರ ಮೇಲೆ ಪ್ಯಾಲೆಟ್ಟಿಗೆ ಇಷ್ಟು ನಿಮಿಷ. ಆಮೇಲೆ ನಿಜವಾಗಿ ಎಷ್ಟು ಹಿಡಿಯಿತು ಎಂದು ದಾಖಲಿಸುತ್ತಾ ಹೋಗಿ. ಒಂದೊಂದು ಪೂರೈಕೆದಾರ ಮತ್ತು ಲೋಡ್ ಬಗೆಗೆ ಸಾಕಷ್ಟು ದಾಖಲೆ ಸೇರಿದ ಮೇಲೆ ಸೂತ್ರ ಬಿಟ್ಟು ದಾಖಲೆಯನ್ನೇ ನಂಬಬಹುದು. ಸರಾಸರಿ ತೆಗೆದುಕೊಳ್ಳಬೇಡಿ. ಸರಾಸರಿಯಷ್ಟೇ ಉದ್ದದ ಸ್ಲಾಟ್ ಕೊಟ್ಟರೆ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಗಳು ಮೀರುತ್ತವೆ, ಅಲ್ವಾ? ಹತ್ತರಲ್ಲಿ ಎಂಟು ಲೋಡ್ ಎಷ್ಟು ಹೊತ್ತಿನೊಳಗೆ ಮುಗಿದಿವೆಯೋ ಆ ಅಂಕಿ ಒಳ್ಳೆಯದು.

ಒಂದೇ ಹೊತ್ತು ಇಬ್ಬರಿಗೆ ಹೋಗದಂತೆ

ಎರಡು ಬುಕಿಂಗ್ ಒಂದರ ಮೇಲೊಂದು ಬೀಳುತ್ತವೆಯೇ ಎಂದು ನೋಡಲು ಒಂದೇ ನಿಯಮ: ಮೊದಲನೆಯದು ಎರಡನೆಯದು ಮುಗಿಯುವ ಮುಂಚೆ ಶುರುವಾಗುತ್ತದೆ, ಎರಡನೆಯದೂ ಮೊದಲನೆಯದು ಮುಗಿಯುವ ಮುಂಚೆ ಶುರುವಾಗುತ್ತದೆ. ಎರಡೂ ನಿಜವಾದರೆ ಡಿಕ್ಕಿ. ಶುರುವಿನ ಕ್ಷಣ ಸೇರಿಸಿ, ಮುಗಿಯುವ ಕ್ಷಣ ಬಿಡಿ. ಆಗ 9ರಿಂದ 10, 10ರಿಂದ 11 ಒಂದಕ್ಕೊಂದು ತಾಗದೆ ಕೂರುತ್ತವೆ.

ಈ ಪರೀಕ್ಷೆಯನ್ನು ಅಪ್ಲಿಕೇಶನ್ ಕೋಡ್‌ನಲ್ಲಿ ಮಾತ್ರ ಇಟ್ಟರೆ ಸಾಲದು. ಇಬ್ಬರು ಸಾಗಣೆದಾರರು ಒಂದೇ ಕ್ಷಣದಲ್ಲಿ 10 ಗಂಟೆಯ ಜಾಗ ನೋಡುತ್ತಾರೆ. ಇಬ್ಬರಿಗೂ ಖಾಲಿ ಕಾಣುತ್ತದೆ. ಇಬ್ಬರೂ ಒತ್ತುತ್ತಾರೆ. ಎರಡೂ ಬುಕಿಂಗ್‌ಗಳು ಡೇಟಾಬೇಸ್‌ನಲ್ಲಿ ಒಂದೊಂದು ಸಾಲಾಗಿ (ರೋ) ಸೇರುತ್ತವೆ. ಹಾಗಾಗಿ ಕಾವಲು ಡೇಟಾಬೇಸ್‌ನಲ್ಲೇ ಇರಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್‌ನಲ್ಲಿ ಇದಕ್ಕೆಂದೇ ಎಕ್ಸ್‌ಕ್ಲೂಶನ್ ಕನ್‌ಸ್ಟ್ರೇಂಟ್ ಇದೆ. 2010ರ 9.0 ಆವೃತ್ತಿಯಲ್ಲಿ ಬಂತು. 2012ರ 9.2ರಲ್ಲಿ ರೇಂಜ್ ಟೈಪ್ (ಶುರು ಮತ್ತು ಮುಗಿಯುವ ಹೊತ್ತನ್ನು ಒಟ್ಟಿಗೆ ಒಂದೇ ಮೌಲ್ಯವಾಗಿ ಇಡುವ ಬಗೆ) ಬಂದ ಮೇಲೆ ಬಳಸುವುದು ತುಂಬ ಸಲೀಸಾಯಿತು. ಬಾಗಿಲು ಒಂದೇ ಆಗಿ ಸಮಯದ ರೇಂಜ್‌ಗಳು ಒಂದರ ಮೇಲೊಂದು ಬಿದ್ದರೆ ಎರಡನೇ ಸಾಲನ್ನು ಡೇಟಾಬೇಸ್ ತಾನೇ ತಿರಸ್ಕರಿಸುತ್ತದೆ. ಬಾಗಿಲಿನ ನಂಬರನ್ನೂ ಅದೇ ಇಂಡೆಕ್ಸ್‌ನಲ್ಲಿ ಸೇರಿಸಲು ಬಿಟ್ರೀ-ಜಿಸ್ಟ್ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಕು. ರದ್ದಾದ ಬುಕಿಂಗ್‌ಗಳಿಗೆ ಈ ನಿಯಮ ಅನ್ವಯಿಸದಂತೆ ಷರತ್ತು ಸೇರಿಸಿ, ಇಲ್ಲದಿದ್ದರೆ ರದ್ದಾದ ಜಾಗ ಮತ್ತೆ ಯಾರಿಗೂ ಸಿಗುವುದಿಲ್ಲ.

ಈ ಸೌಲಭ್ಯ ಇಲ್ಲದ ಡೇಟಾಬೇಸ್ ಆದರೆ ದಿನವನ್ನು 15 ನಿಮಿಷದ ತುಂಡುಗಳಾಗಿ ಒಡೆಯಿರಿ. ಬಾಗಿಲು ಮತ್ತು ತುಂಡು ಸೇರಿ ಯೂನಿಕ್ ಕೀ, ಅಂದರೆ ಅದೇ ಜೋಡಿ ಎರಡನೇ ಸಲ ಸೇರಲಾರದು. ಒಂದು ಗಂಟೆಯ ಬುಕಿಂಗ್ ನಾಲ್ಕು ಸಾಲು ಹಿಡಿಯುತ್ತದೆ. ನಾಲ್ಕರಲ್ಲಿ ಒಂದು ಸಿಗದಿದ್ದರೂ ಪೂರ್ತಿ ವಾಪಸ್.

ಬಾಗಿಲು ಯಾವಾಗ ಕೊಡಬೇಕು

ನನಗೆ ತುಂಬ ಇಷ್ಟವಾದ ಭಾಗ ಇದು. ಸಾಗಣೆದಾರನಿಗೆ ಬೇಕಾಗಿರುವುದು ಟೈಮ್. ಮೂರನೇ ಬಾಗಿಲೋ ಏಳನೆಯದೋ ಅವನಿಗೆ ಸಂಬಂಧವಿಲ್ಲ. ಒಂದೇ ತರಹದ ಬಾಗಿಲುಗಳನ್ನು ಒಂದು ಗುಂಪು ಮಾಡಿ, ಬುಕಿಂಗ್ ಗುಂಪಿಗೆ ಕೊಡಿ. ಬಾಗಿಲನ್ನು ಲಾರಿ ಗೇಟಿಗೆ ಬಂದಾಗ ನಿರ್ಧರಿಸಿ.

ಇದು ಗಣಿತಕ್ಕೂ ಒಪ್ಪುತ್ತದೆ. ಯಾವ ಕ್ಷಣದಲ್ಲೂ ಚಾಲ್ತಿ ಬುಕಿಂಗ್‌ಗಳ ಸಂಖ್ಯೆ ಬಾಗಿಲುಗಳ ಸಂಖ್ಯೆ ಮೀರದಿದ್ದರೆ ಎಲ್ಲವನ್ನೂ ಹಂಚಲು ಸಾಧ್ಯ. ಶುರುವಾಗುವ ಹೊತ್ತಿನ ಕ್ರಮದಲ್ಲಿ ತೆಗೆದುಕೊಂಡು ಖಾಲಿ ಇರುವ ಬಾಗಿಲಿಗೆ ಹಾಕುತ್ತಾ ಹೋದರೆ ಸಾಕು. ಬುಕ್ ಮಾಡುವಾಗಲೇ ಬಾಗಿಲನ್ನು ಗಟ್ಟಿ ಮಾಡಿದರೆ ಏನಾಗುತ್ತದೆ ನೋಡಿ. ಎರಡು ಬಾಗಿಲುಗಳಿವೆ. ಒಂದನೆಯದರಲ್ಲಿ 9ರಿಂದ 10, ಎರಡನೆಯದರಲ್ಲಿ 10ರಿಂದ 11 ಬುಕ್ ಆಗಿದೆ. ಈಗ 9ರಿಂದ 11ರವರೆಗೆ ಎರಡು ಗಂಟೆ ಬೇಕೆಂದು ಒಬ್ಬ ಕೇಳುತ್ತಾನೆ. ಯಾವ ಬಾಗಿಲೂ ಪೂರ್ತಿ ಎರಡು ಗಂಟೆ ಖಾಲಿ ಇಲ್ಲ, ಜಾಗ ಇಲ್ಲ ಎನ್ನುತ್ತದೆ ಸಾಫ್ಟ್‌ವೇರ್. ಆದರೆ 10ರ ಬುಕಿಂಗನ್ನು ಒಂದನೇ ಬಾಗಿಲಿಗೆ ಸರಿಸಿದರೆ ಎರಡನೆಯದು ಪೂರ್ತಿ ಬಿಡುವಾಗುತ್ತದೆ.

ಹೀಗೆ ಗುಂಪಿನ ಲೆಕ್ಕ ಇಟ್ಟಾಗ ಬಾಗಿಲುವಾರು ಕನ್‌ಸ್ಟ್ರೇಂಟ್ ಕೆಲಸಕ್ಕೆ ಬರುವುದಿಲ್ಲ. ಡೇಟಾಬೇಸ್‌ನಲ್ಲಿ ಗುಂಪಿನ ಸಾಲನ್ನು ಲಾಕ್ ಮಾಡಿ (ಬೇರೆಯವರು ಆಗ ಬದಲಿಸದಂತೆ), ಆ ಅವಧಿಯ ಪ್ರತಿ ತುಂಡಿನಲ್ಲೂ ಎಷ್ಟು ಬುಕಿಂಗ್ ಇವೆ ಎಂದು ಎಣಿಸಿ, ಆಮೇಲೆ ಸೇರಿಸಬೇಕು. ಬಾಗಿಲಿನ ಕನ್‌ಸ್ಟ್ರೇಂಟನ್ನು ಗೇಟಿನಲ್ಲಿ ಹಂಚುವ ಹಂತಕ್ಕೆ ಉಳಿಸಿಕೊಳ್ಳಿ.

ಇದೇ ಎಣಿಕೆಯಲ್ಲಿ ಜನರನ್ನೂ ಸೇರಿಸಿ. ಬಾಗಿಲು ಎಂಟಿದ್ದು ಆ ಪಾಳಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು ಐವರೇ ಇದ್ದರೆ ಆರನೇ ಲಾರಿ ಬಾಗಿಲಿಗೆ ಹಚ್ಚಿ ಸುಮ್ನೆ ನಿಲ್ಲುತ್ತದೆ. ಪಾಳಿವಾರು ಮಿತಿ ಇಲ್ಲದ ಸಾಫ್ಟ್‌ವೇರ್ ಊಟದ ಹೊತ್ತಿಗೇ ಕೈಕೊಡುತ್ತದೆ.

ಅಂಗಳಕ್ಕೆ ಲಿಟಲ್ ನಿಯಮ ಸಾಕು. ಜಾನ್ ಲಿಟಲ್ ಇದನ್ನು 1961ರಲ್ಲೇ ಸಾಬೀತು ಮಾಡಿದರು: ಒಳಗಿರುವ ಲಾರಿಗಳು = ಗಂಟೆಗೆ ಬರುವ ಲಾರಿಗಳು × ಒಂದೊಂದು ಒಳಗೆ ಕಳೆಯುವ ಗಂಟೆ. ಗಂಟೆಗೆ 6 ಬಂದು ಎರಡೂವರೆ ಗಂಟೆ ಉಳಿದರೆ ಸರಾಸರಿ 15 ಲಾರಿ. ಅಂಗಳದಲ್ಲಿ ಬಾಗಿಲೂ ಸೇರಿ 12ಕ್ಕೇ ಜಾಗ ಇದ್ದರೆ ಉಳಿದವು ರಸ್ತೆಯಲ್ಲಿ.

ಗಡಿಯಾರ

ಎರಡು ಬಗೆಯ ಸಮಯವನ್ನು ಬೇರೆ ಬೇರೆ ಇಡಿ. ನಡೆದುಹೋದ ಘಟನೆಗಳನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರೆಯಿರಿ. ಮುಂದಿನ ಅಪಾಯಿಂಟ್‌ಮೆಂಟನ್ನು ಗೋದಾಮಿನ ಸ್ಥಳೀಯ ಸಮಯ ಮತ್ತು ಟೈಮ್‌ಝೋನ್ ಹೆಸರಿನ ಜೊತೆ ಇಡಿ, ಯಾಕೆಂದರೆ ಸರ್ಕಾರಗಳು ಗಡಿಯಾರದ ನಿಯಮ ಬದಲಿಸಿದರೂ ಲಾರಿಯವನಿಗೆ ಹೇಳಿದ 9 ಗಂಟೆ 9 ಗಂಟೆಯೇ. ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೊಂದು ದಿನ 23 ಗಂಟೆ, ಇನ್ನೊಂದು ದಿನ 25 ಗಂಟೆ. ರಾತ್ರಿ ಪಾಳಿ ಇರುವ ಗೋದಾಮಿಗೆ ಇದನ್ನು ಪರೀಕ್ಷೆ ಮಾಡಲೇಬೇಕು.

ಒಂದು ಲಾರಿಗೆ ಐದು ಹೊತ್ತು ದಾಖಲಾಗಲಿ: ಗೇಟ್ ಒಳಗೆ, ಬಾಗಿಲಿಗೆ, ಕೆಲಸ ಶುರು, ಕೆಲಸ ಮುಗಿತಾಯ, ಗೇಟ್ ಹೊರಗೆ. ಕಾಯಿಸಿದ್ದಕ್ಕೆ ಸಾಗಣೆದಾರ ಕೇಳುವ ಡೆಟೆನ್ಶನ್ ಹಣದ ಜಗಳ ಇತ್ಯರ್ಥವಾಗುವುದು ಇವುಗಳಿಂದಲೇ. ಹಲವು ಒಪ್ಪಂದಗಳಲ್ಲಿ ಮೊದಲ 2 ಗಂಟೆ ಉಚಿತ. ಲಾರಿ ಬೇಗ ಬಂದಿದ್ದರೆ ಸಾಮಾನ್ಯವಾಗಿ ಎಣಿಕೆ ಶುರುವಾಗುವುದು ಅಪಾಯಿಂಟ್‌ಮೆಂಟ್ ಹೊತ್ತಿನಿಂದ. 8ಕ್ಕೆ ಬಂದ 9ರ ಲಾರಿಗೆ ಉಚಿತ ಸಮಯ 11ಕ್ಕೆ ಮುಗಿಯುತ್ತದೆ, 10ಕ್ಕಲ್ಲ. ಈ ನಿಯಮ ಒಪ್ಪಂದದಿಂದ ಒಪ್ಪಂದಕ್ಕೆ ಬೇರೆಯಾಗಬಹುದು, ಹಾಗಾಗಿ ಕೋಡ್‌ನಲ್ಲಿ ಗಟ್ಟಿ ಮಾಡದೆ ಸಾಗಣೆದಾರನ ದಾಖಲೆಯಲ್ಲಿ ಇಡಿ.

ತಡವಾಗಿ ಬಂದವನು

ತಡವಾದ ಕೂಡಲೇ ಮುಂದಿನವರನ್ನೆಲ್ಲ ತಾನಾಗಿಯೇ ಸರಿಸುವ ಸಾಫ್ಟ್‌ವೇರ್ ಅಪಾಯಕಾರಿ. ಒಬ್ಬ ತಡವಾದರೆ ಹತ್ತು ಜನರಿಗೆ ಹೊಸ ಮೆಸೇಜ್ ಹೋಗುತ್ತದೆ. ಹೊತ್ತಿಗೆ ಸರಿಯಾಗಿ ಬಂದವನಿಗೆ ಆದ್ಯತೆ ಇರಲಿ. ತಡವಾದವನು ರಿಯಾಯಿತಿ ಸಮಯ ದಾಟಿದರೆ ಅವನ ಜಾಗ ಬಿಡುಗಡೆಯಾಗಲಿ, ಅವನು ಕಾಯುವವರ ಪಟ್ಟಿಗೆ ಹೋಗಲಿ. ಎಲ್ಲಿ ತೂರಿಸಬಹುದು ಎಂದು ಸಾಫ್ಟ್‌ವೇರ್ ಎರಡು ಮೂರು ಜಾಗ ತೋರಿಸಲಿ, ಆರಿಸುವುದು ಡಾಕ್ ಮೇಲ್ವಿಚಾರಕರ ಕೆಲಸ. ಒಳಗಿರುವ ಸರಕು ಇವತ್ತೇ ಬೇಕಾದ ಔಷಧಿಯೋ, ನಾಳೆ ಬಂದರೂ ನಡೆಯುವ ಪೀಠೋಪಕರಣವೋ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಏನು ಆರಿಸಿದರು, ಯಾಕೆ ಎಂಬುದನ್ನೂ ದಾಖಲಿಸಿ.

ಕಲಿಯುವವರು ಮೊದಲು ಪುಟ್ಟದೊಂದು ಕಟ್ಟಿ ನೋಡಿ: ಒಂದು ಗುಂಪು, ಎರಡು ಬಾಗಿಲು, ಮೇಲಿನ 9ರಿಂದ 11ರ ಉದಾಹರಣೆ. ಅದು ಸರಿಹೋದ ಮೇಲೆ ಎರಡು ಟರ್ಮಿನಲ್ ತೆರೆದು, ಒಂದೇ ಜಾಗವನ್ನು ಎರಡೂ ಕಡೆಯಿಂದ ಒಟ್ಟಿಗೆ ಬುಕ್ ಮಾಡಿ, ಯಾವುದು ವಾಪಸ್ ಬರುತ್ತದೆ ನೋಡಿ. ಕ್ಯಾಲೆಂಡರ್ ಪರದೆಯನ್ನು ಆಮೇಲೆ ಬರೆಯಬಹುದು.